ತರತಮ ಪದಗಳ ತೊಡಕು: ಯುವ ಬರಹಗಾರರಿಗೆ ಒಂದು ಪತ್ರ

ಆತ್ಮೀಯ ಯುವ ಮಿತ್ರರಿಗೆ, ನಮಸ್ಕಾರಗಳು.

ಜ್ಞಾನಪೀಠ ಪುರಸ್ಕೃತ ಕನ್ನಡ ಲೇಖಕರನ್ನು ಕುರಿತು ನೀವು ಇಂಗ್ಲಿಷಿನಲ್ಲಿ ಬರೆದ ಲೇಖನವನ್ನು ಓದಿದೆ. ವಿಷಯದ ಮೇಲೆ ನಿಮಗೆ ಒಳ್ಳೆಯ ಹಿಡಿತವಿದೆ. ಆದರೆ ನೋಟಕ್ಕೆ ಒಂದೇ ಬಗೆಯಾಗಿರುವ ಕೆಲವು ತರತಮ ಪದಗಳು, ಅಂದರೆ ಹೋಲಿಕೆಯ ಪದಗಳು, ಅಲ್ಲಲ್ಲಿ ಅದಲುಬದಲಾಗಿವೆ. ಕನ್ನಡದಲ್ಲಿ ‘ಗಿಂತ’ ಸೇರಿಸಿದರೆ ಹೋಲಿಕೆ ಮುಗಿಯಿತು, ಗುಣವಾಚಕದ ರೂಪ ಬದಲಾಗುವುದಿಲ್ಲ. ಹೀಗಾಗಿ ಈ ಜೋಡಿಗಳಲ್ಲಿ ನಾವು ಎಡವುವುದು ಸಹಜ.

ಎಲ್ಲಕ್ಕಿಂತ ಹೆಚ್ಚು ಅನರ್ಥಕ್ಕೆ ಎಡೆಮಾಡುವುದು ಒಂದು ‘ಟಿ’ಯ ಲೇಟರ್ ಮತ್ತು ಎರಡು ‘ಟಿ’ಯ ಲ್ಯಾಟರ್. ಲೇಟರ್ ಕಾಲವನ್ನು ಹೇಳುತ್ತದೆ, ಲ್ಯಾಟರ್ ವಾಕ್ಯದೊಳಗಿನ ಸರದಿಯನ್ನು ಹೇಳುತ್ತದೆ. ನೀವು ‘ಬೇಂದ್ರೆ ಮತ್ತು ಕುವೆಂಪು’ ಎಂದು ಬರೆದಿರಾದರೆ ಲ್ಯಾಟರ್ ಎಂದರೆ ಕುವೆಂಪು ಅವರೇ. ಆದರೆ ಪ್ರಶಸ್ತಿ ಕುವೆಂಪು ಅವರಿಗೆ 1967ರಲ್ಲಿ, ಬೇಂದ್ರೆಯವರಿಗೆ 1973ರಲ್ಲಿ ಬಂದುದರಿಂದ, ಕಾಲದಲ್ಲಿ ಲೇಟರ್ ಆದವರು ಬೇಂದ್ರೆ. ಒಂದು ಅಕ್ಷರ ತಪ್ಪಿದರೆ ಚರಿತ್ರೆಯೇ ತಿರುವುಮುರುವಾಗುತ್ತದೆ. ಸಾಲಿನಲ್ಲಿ ಕಾರಂತರೂ ಸೇರಿದರೆ ಲ್ಯಾಟರ್ ಪದವನ್ನು ಬಿಟ್ಟುಬಿಡಿ, ಏಕೆಂದರೆ ಅದು ಇಬ್ಬರಿಗಷ್ಟೇ ಸಲ್ಲುವ ಮಾತು. ಇವೆರಡರಲ್ಲಿ ಲ್ಯಾಟರ್ ಎಂಬುದೇ ಹಳೆಯ ರೂಪ. ಹಳೆಯ ಇಂಗ್ಲಿಷಿನಲ್ಲಿ ಅದರ ಮೂಲರೂಪಕ್ಕೆ ‘ಹೆಚ್ಚು ನಿಧಾನವಾದ’ ಎಂಬ ಅರ್ಥವಿತ್ತು.

ಇದೇ ಕವಿಗಳ ವಯಸ್ಸನ್ನು ಹೇಳುವಲ್ಲಿ ನೀವು ಎಲ್ಡರ್ ಪದವನ್ನು ಬಳಸಿದ್ದೀರಿ. 1896ರಲ್ಲಿ ಹುಟ್ಟಿದ ಬೇಂದ್ರೆಯವರು 1904ರಲ್ಲಿ ಹುಟ್ಟಿದ ಕುವೆಂಪು ಅವರಿಗಿಂತ ಹಿರಿಯರು ಎನ್ನಲು ಓಲ್ಡರ್ ಬೇಕು. ಎಲ್ಡರ್ ಮುಖ್ಯವಾಗಿ ಒಡಹುಟ್ಟಿದವರ, ಮಕ್ಕಳ ಸಂದರ್ಭಕ್ಕೆ ಮೀಸಲು. ಸಾಮಾನ್ಯವಾಗಿ ನಾಮಪದಕ್ಕೆ ಮೊದಲು ಬರುವ ಆ ಪದ ಇಂದಿನ ಬಳಕೆಯಲ್ಲಿ ‘ಗಿಂತ’ ಎಂಬರ್ಥದ ದ್ಯಾನ್ ಜೊತೆ ಹೊಂದುವುದಿಲ್ಲ.

ಫಾರ್ದರ್ ಮತ್ತು ಫರ್ದರ್ ವಿಷಯದಲ್ಲಿ ಮಾತ್ರ ವ್ಯಾಕರಣದ ಮೇಷ್ಟರು ಹೇಳುವಷ್ಟು ಕಟ್ಟುನಿಟ್ಟು ನನಗೆ ಒಪ್ಪಿಗೆಯಿಲ್ಲ. ಅಳೆಯಬಹುದಾದ ದೂರಕ್ಕೆ ಫಾರ್ದರ್, ಉಳಿದೆಲ್ಲಕ್ಕೂ ಫರ್ದರ್ ಎಂಬ ವಿಂಗಡಣೆಯನ್ನು ಅಮೆರಿಕದ ಸಂಪಾದಕರು ಹೆಚ್ಚು ಪಾಲಿಸುತ್ತಾರೆ. ಬ್ರಿಟಿಷರು ದೂರಕ್ಕೂ ಫರ್ದರ್ ಎಂದೇ ಧಾರಾಳವಾಗಿ ಬರೆಯುತ್ತಾರೆ. ಬೆಂಗಳೂರಿನಿಂದ ಕುಪ್ಪಳಿಗಿಂತ ಧಾರವಾಡ ದೂರ ಎನ್ನಲು ಎರಡೂ ನಡೆಯುತ್ತವೆ. ಆದರೆ ‘ಹೆಚ್ಚಿನ ವಿವರ’ ಎನ್ನುವಲ್ಲಿ, ‘ಒಂದು ಉದ್ದೇಶವನ್ನು ಮುಂದಕ್ಕೊಯ್ಯುವುದು’ ಎಂಬ ಕ್ರಿಯಾಪದವಾಗಿ, ಇಂದು ಫರ್ದರ್ ಒಂದೇ ಸರಿ. ಆದ್ದರಿಂದ ಅನುಮಾನ ಬಂದಾಗ ಫರ್ದರ್ ಬರೆಯಿರಿ.

ಇನ್ನು ದೆನ್ ಮತ್ತು ದ್ಯಾನ್: ಮೂಲದಲ್ಲಿ ಒಂದೇ ಆಗಿದ್ದ ಈ ಪದಗಳ ಕಾಗುಣಿತ ಬೇರೆಬೇರೆಯಾಗಿ ನೆಲೆಗೊಂಡದ್ದು ಸುಮಾರು 1700ರ ವೇಳೆಗೆ. ಹೋಲಿಕೆಗೆ ದ್ಯಾನ್, ಕಾಲಕ್ಕೆ ದೆನ್. ಎರಡೂ ನಿಘಂಟಿನಲ್ಲಿರುವ ಪದಗಳಾದ್ದರಿಂದ ಕಂಪ್ಯೂಟರಿನ ಕಾಗುಣಿತ ಪರೀಕ್ಷೆ ಇಂಥ ತಪ್ಪನ್ನು ಎಷ್ಟೋ ಸಲ ಹಿಡಿಯದೆ ಬಿಡುತ್ತದೆ. ಕರಡಿನಲ್ಲಿ ಈ ಎರಡು ಪದಗಳು ಎಲ್ಲೆಲ್ಲಿವೆಯೋ ಹುಡುಕಿ, ಒಂದೊಂದು ವಾಕ್ಯವನ್ನೂ ನೀವೇ ಓದಿ ತಿದ್ದಬೇಕು. ತಿದ್ದಿದ ಪ್ರತಿಯನ್ನು ದಯವಿಟ್ಟು ಕಳುಹಿಸಿಕೊಡಿ.

ಇತಿ,
ನಿಮ್ಮ ಹಿತೈಷಿ