ಇಬ್ಬರ ಅಡುಗೆಗೂ ಅಳತೆ ಕೊಡಿ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ಅಡುಗೆ ಅಂಕಣದಲ್ಲಿ ಬರುವ ಅಳತೆ ಹೆಚ್ಚಾಗಿ ಆರೆಂಟು ಜನರಿಗೆ ಆಗುವಂಥದ್ದು. ಮಕ್ಕಳು ಬೆಂಗಳೂರು ಸೇರಿದ ಮೇಲೆ ದಾವಣಗೆರೆಯ ಎಷ್ಟೋ ಮನೆಗಳಲ್ಲಿ ಉಣ್ಣುವವರು ಇಬ್ಬರೇ. ವಿದ್ಯಾನಗರದ ಕಡೆ ರೂಮು ಮಾಡಿಕೊಂಡು ಓದುವ ಹುಡುಗರೂ ಅಷ್ಟೇ. ಎಲ್ಲವನ್ನೂ ಮೂರರಿಂದಲೋ ನಾಲ್ಕರಿಂದಲೋ ಭಾಗಿಸಿದರೆ ಆಯ್ತಲ್ಲ ಅನ್ನಬಹುದು. ಆಗುವುದಿಲ್ಲ.

ಬೇಳೆಸಾರನ್ನೇ ನೋಡಿ. ಇಬ್ಬರಿಗೆ 50 ಗ್ರಾಂ ತೊಗರಿಬೇಳೆ ಸಾಕು. ಅಷ್ಟನ್ನು 5 ಲೀಟರ್ ಕುಕ್ಕರಿನ ತಳಕ್ಕೇ ಹಾಕಿದರೆ ನೀರು ಬತ್ತಿ ಸೀಯುತ್ತದೆ. ಸೀಯದಿರಲಿ ಅಂತ ನೀರು ಸುರಿದರೆ ಸಾರು ನೀರು ನೀರಾಗುತ್ತದೆ. ಬೇಳೆಯನ್ನು ಅರ್ಧ ಗಂಟೆ ನೆನೆಸಿ, ಮೂರರಷ್ಟು ನೀರು, ಚಿಟಿಕೆ ಅರಿಸಿನ, ಎರಡು ಹನಿ ಎಣ್ಣೆ ಹಾಕಿ ಸಣ್ಣ ಡಬ್ಬಿಯಲ್ಲಿಡಿ. ಅದರ ಮೇಲೆ ನೀರು ಹಾಕಿದ 150 ಗ್ರಾಂ ಅಕ್ಕಿಯ ಡಬ್ಬಿ. ಕುಕ್ಕರಿನ ತಳಕ್ಕೆ ಒಂದೂವರೆ ಲೋಟ ನೀರು. ನಾಲ್ಕು ವಿಷಲ್‌ಗೆ ಎರಡೂ ಬೇಯುತ್ತವೆ.

ಕುದಿಸುವಾಗ ಇನ್ನೊಂದು ತೊಡಕು. ನೀರು ಆವಿಯಾಗುವುದು ಉರಿ ಎಷ್ಟಿದೆ, ಪಾತ್ರೆಯ ಬಾಯಿ ಎಷ್ಟು ಅಗಲವಿದೆ ಎಂಬುದರ ಮೇಲೆ; ಸಾರು ಕಡಿಮೆ ಇದೆ ಅಂತ ಆವಿ ಕಡಿಮೆಯಾಗದು. ಅರ್ಧ ಲೀಟರ್ ಸಾರನ್ನು ಅಗಲ ಪಾತ್ರೆಯಲ್ಲಿ ಹತ್ತು ನಿಮಿಷ ಕುದಿಸಿದರೆ ಮಂದವಾಗಿ, ಉಪ್ಪು, ಹುಳಿ, ಖಾರ ಮೂರೂ ಏರುತ್ತವೆ. ಬಾಯಿ ಕಿರಿದಾದ ಪಾತ್ರೆ, ಗೋಲಿ ಗಾತ್ರದ ಹುಣಸೆಹಣ್ಣು, ಐದೇ ನಿಮಿಷ ಕುದಿ, ಉಪ್ಪು ಕೊನೆಗೆ.

ಒಗ್ಗರಣೆಗೆ ದೊಡ್ಡ ಬಾಣಲೆ ಬೇಡವೇ ಬೇಡ. ಒಂದು ಚಮಚ ಎಣ್ಣೆ ಅದರಲ್ಲಿ ತೆಳ್ಳಗೆ ಹರಡಿ, ಸಾಸಿವೆ ಅರ್ಧ ಸಿಡಿಯುವಷ್ಟರಲ್ಲಿ ಉಳಿದರ್ಧ ಕರಕಾಗಿ ಕಹಿಯಾಗುತ್ತದೆ. ಒಗ್ಗರಣೆ ಸೌಟಿನಲ್ಲಾದರೆ ಎಣ್ಣೆ ಒಂದೇ ಕಡೆ ನಿಲ್ಲುತ್ತದೆ. ಚಟಪಟ ನಿಂತ ಮೇಲೆ ಉರಿ ಆರಿಸಿ ಇಂಗು, ಕರಿಬೇವು ಹಾಕಬೇಕು. ಮಿಕ್ಸಿಗೂ ಸಣ್ಣ ಚಟ್ನಿ ಜಾರೇ ಸರಿ.

ಚಿತ್ರದುರ್ಗದ ಕಡೆ ದಿನಾ ಬೇಕಾಗುವ ರಾಗಿಮುದ್ದೆಗೂ ಇದೇ ಲೆಕ್ಕ. ಎರಡು ಮುದ್ದೆಗೆ ಒಂದು ಲೋಟ ಹಿಟ್ಟು, ಎರಡು ಲೋಟ ನೀರು. ಕಡಿಮೆ ನೀರು ಬೇಗ ಬತ್ತುವುದರಿಂದ ಹಿಟ್ಟು ಹಸಿಯಾಗಿ ಉಳಿಯುವುದುಂಟು. ಪಕ್ಕದಲ್ಲಿ ಕಾಲು ಲೋಟ ಬಿಸಿನೀರು ಇರಲಿ, ತಣ್ಣೀರು ಬಿಟ್ಟರೆ ಗಂಟು ಕಟ್ಟುತ್ತದೆ. ಮಂಡಕ್ಕಿ ಒಗ್ಗರಣೆಗೆ ಇಷ್ಟೆಲ್ಲ ತಾಪತ್ರಯವಿಲ್ಲ, ಬೇಕಾದಷ್ಟೇ ನೆನೆಸಿದರಾಯಿತು.

ದಯವಿಟ್ಟು ಪ್ರತಿ ಅಡುಗೆಯ ಕೆಳಗೆ ಇಬ್ಬರ ಅಳತೆ, ಪಾತ್ರೆ ಎಷ್ಟು ಲೀಟರಿನದು, ಎಷ್ಟು ನಿಮಿಷ ಕುದಿಸಬೇಕು ಎಂಬುದನ್ನೂ ಪ್ರಕಟಿಸಿ. ‘ರುಚಿಗೆ ತಕ್ಕಷ್ಟು ಉಪ್ಪು’ ಅಂದರೆ ಹೊಸದಾಗಿ ಸಂಸಾರ ಹೂಡಿದವರಿಗೆ ಏನು ತಿಳಿದೀತು? ಅರ್ಧ ಲೀಟರ್ ಸಾರಿಗೆ ಮುಕ್ಕಾಲು ಟೀ ಚಮಚ ಪುಡಿಯುಪ್ಪು ಅಂತ ಬರೆಯಿರಿ.

– ಓದುಗರು, ಪಿ.ಜೆ. ಬಡಾವಣೆ, ದಾವಣಗೆರೆ