ರಾಜಿಯಾಗು, ಆದರೆ ಜಗಲಿಯಲ್ಲಿ ಅಲ್ಲ

ನೀರ್ಚಾಲು

ಪ್ರೀತಿಯ ಅಳಿಯನಿಗೆ ನಿನ್ನ ಸೋದರಮಾವ ಮಾಡುವ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ಅಡಿಕೆಗೆ ಎರಡನೆಯ ಸಲದ ಮದ್ದು ಬಿಟ್ಟಾಯಿತು. ಮಳೆ ಬಿಡುವು ಕೊಡದ ಕಾರಣ ಕಾಯಿ ಕೊಳೆಯುವ ಮಹಾಳಿ ರೋಗದ ಭಯ ಇದ್ದೇ ಇದೆ. ಅದಿರಲಿ.

ಶಾರ್ಜಾದ ಕಂಪೆನಿಯಲ್ಲಿ ಮೂರು ತಿಂಗಳ ಸಂಬಳ ಕೊಟ್ಟಿಲ್ಲ ಎಂದು ನೀನು ಕಳುಹಿಸಿದ ಉದ್ದದ ವಾಯ್ಸ್ ಮೆಸೇಜನ್ನು ಮತ್ತೆ ಮತ್ತೆ ಕೇಳಿದೆ. ಸಿಟ್ಟು ಎಷ್ಟಿದೆ ಎಂಬುದು ತಿಳಿಯಿತು, ಬಾಕಿ ಎಷ್ಟಿದೆ ಎಂಬುದು ತಿಳಿಯಲಿಲ್ಲ. ಸಹಕಾರಿ ಬ್ಯಾಂಕಿನಲ್ಲಿ ಜೀವಮಾನ ಕಳೆದವನಿಗೆ ಮೊದಲು ಬೇಕಾಗುವುದು ಈ ಎರಡನೆಯದು. ಫೋನಿನಲ್ಲಿ ಹೇಳಲು ಹೊರಟರೆ ನೀನು ಅರ್ಧದಲ್ಲೇ ಬಾಯಿ ಹಾಕುತ್ತೀ, ಅದಕ್ಕೇ ಬರೆಯುತ್ತಿದ್ದೇನೆ. ನಿನ್ನ ತಂಗಿ ಫೋಟೋ ತೆಗೆದು ಕಳುಹಿಸುತ್ತಾಳೆ. ಅಲ್ಲಿಯ ಕಾನೂನಿನ ಸಂಗತಿಗಳನ್ನು ಕಾಸರಗೋಡಿನ ವಕೀಲರೊಬ್ಬರಲ್ಲಿ ವಿಚಾರಿಸಿದ ಮೇಲೆಯೇ ಪೆನ್ನು ಹಿಡಿದಿದ್ದೇನೆ.

ನಾನು ನಾಳೆಯೇ ಕುಂಬಳೆಗೆ ಹೋಗಿ ನಿನ್ನ ಧಣಿಯ ತಂದೆಯನ್ನು ಕಾಣಬೇಕು ಎಂಬುದು ನಿನ್ನ ಅಮ್ಮನ ಹಟ. ನಾನು ಹೋಗುವುದಿಲ್ಲ. ಹೋದರೆ ಏನಾಗುತ್ತದೆ ಎಂಬುದನ್ನು ಇಲ್ಲಿಂದಲೇ ಹೇಳಬಲ್ಲೆ. ಆ ಹಿರಿಯರು ಜಗಲಿಯಲ್ಲಿ ಕೂರಿಸಿ ಬೆಲ್ಲ ನೀರು ಕೊಡುತ್ತಾರೆ. ದೇವಸ್ಥಾನದ ಬ್ರಹ್ಮಕಲಶದ ಖರ್ಚುವೆಚ್ಚದ ಮಾತು ಬರುತ್ತದೆ. ಏಳುವ ಹೊತ್ತಿಗೆ, "ಮಗನಿಗೆ ಹೇಳುತ್ತೇನೆ, ಮುಂದಿನ ತಿಂಗಳು ಎಲ್ಲ ಸರಿಯಾಗುತ್ತದೆ" ಎನ್ನುತ್ತಾರೆ. ಮನೆಗೆ ಬಂದ ಮರ್ಯಾದೆಗೆ ನಾನು ತಲೆಯಾಡಿಸಬೇಕಾಗುತ್ತದೆ. ಅಲ್ಲಿಗೆ ನಿನ್ನ ಕೈ ಕಟ್ಟಿದ ಹಾಗೆ. ಆಮೇಲೆ ನೀನು ದೂರು ಕೊಟ್ಟರೆ, ಮಾವ ಒಪ್ಪಿ ಹೋದ ಮೇಲೂ ಅಳಿಯ ಕೇಸು ಹಾಕಿದ ಎಂದು ಊರಿಡೀ ಆಡಿಕೊಳ್ಳುತ್ತಾರೆ. ಆ ತಂದೆಯನ್ನು ನಾನು ದೂರುತ್ತಿಲ್ಲ, ಪಾಪ, ಮಗನ ಕಂಪೆನಿಯ ಒಳಗಿನ ವಿಷಯ ಅವರಿಗೆ ಗೊತ್ತಿರಲಾರದು. ಮಗ ದೇವಸ್ಥಾನಕ್ಕೆ ಕೊಟ್ಟ ದೇಣಿಗೆ, ಫ್ಲೆಕ್ಸಿನಲ್ಲಿ ಬಂದ ಭಾವಚಿತ್ರ, ಇವೆಲ್ಲ ಒಂದು ಖಾತೆ. ನಿನ್ನ ಮೂರು ತಿಂಗಳ ಸಂಬಳ ಬೇರೆ ಖಾತೆ. ಒಂದರ ಜಮೆಯಿಂದ ಇನ್ನೊಂದರ ಬಾಕಿ ತೀರುವುದಿಲ್ಲ.

ರಾಜಿ ಬೇಡ ಎನ್ನುತ್ತಿಲ್ಲ. ರಾಜಿಯೇ ಒಳ್ಳೆಯದು. ಆದರೆ ಅದು ಅಲ್ಲಿಯ ಸರಕಾರಿ ಅಧಿಕಾರಿಯ ಮುಂದೆ, ಬರಹದಲ್ಲಿ, ಇಷ್ಟು ಹಣ ಇಂಥ ದಿನ ಎಂದು ನಮೂದಾಗಿ ಆಗಬೇಕು.

ಎಲ್ಲಕ್ಕಿಂತ ಮೊದಲು ಇವತ್ತೇ ಮಾಡಬೇಕಾದ ಕೆಲಸವೊಂದಿದೆ. ಊರಿನವರ ವಾಟ್ಸಪ್ ಗುಂಪಿನಲ್ಲಿ ಧಣಿಯ ಹೆಸರು ಹಿಡಿದು "ಬಡವರ ಹೊಟ್ಟೆಗೆ ಹೊಡೆಯುವ ಮೋಸಗಾರ" ಎಂದು ಬರೆದಿದ್ದೀಯಲ್ಲ, ಅದನ್ನು ಅಳಿಸಿಹಾಕು. ಯುಎಇಯ 2021ರ ಸೈಬರ್ ಅಪರಾಧ ಕಾನೂನಿನಲ್ಲಿ ಆನ್‌ಲೈನಿನಲ್ಲಿ ಒಬ್ಬರನ್ನು ನಿಂದಿಸಿದರೆ ಜೈಲು ಇದೆ, ಇಲ್ಲವೆ 2,50,000ದಿಂದ 5,00,000 ದಿರ್ಹಮ್ ತನಕ ದಂಡವಿದೆ. ನಿನಗೆ ಬರಬೇಕಾದದ್ದು ಎಷ್ಟು, ತೆರಬೇಕಾಗಿ ಬರಬಹುದಾದದ್ದು ಎಷ್ಟು, ನೀನೇ ನೋಡು. ನೀನು ಬರೆದದ್ದು ನಿಜವೇ ಇರಬಹುದು. ಆದರೂ ಇವತ್ತು ದೂರುದಾರನಾಗಿರುವ ನೀನು ನಾಳೆ ಆರೋಪಿಯಾಗಿ ನಿಲ್ಲುವಂತಾದರೆ ಅವನಿಗೆ ಅದಕ್ಕಿಂತ ಹೆಚ್ಚಿನ ಸಂತೋಷವಿಲ್ಲ. ಅವನ ಮಾತನ್ನು ಗುಟ್ಟಾಗಿ ರೆಕಾರ್ಡ್ ಮಾಡುವ ಉಪಾಯವನ್ನೂ ಬಿಟ್ಟುಬಿಡು. ಒಪ್ಪಿಗೆಯಿಲ್ಲದೆ ಮಾತುಕತೆ ರೆಕಾರ್ಡ್ ಮಾಡುವುದು ಅದೇ ಕಾನೂನಿನಲ್ಲಿ ತಪ್ಪು. ಮ್ಯಾನೇಜರನೇ "ಈ ತಿಂಗಳು ಕಷ್ಟ, ಮುಂದಿನ ತಿಂಗಳು ಸೇರಿಸಿ ಕೊಡುತ್ತೇವೆ" ಎಂದು ನಿನಗೆ ಮೆಸೇಜು ಕಳುಹಿಸಿದ್ದಾನಲ್ಲ? ಬಾಕಿ ಇದೆ ಎಂದು ಅವರೇ ಬರೆದುಕೊಟ್ಟಂತಾಯಿತು. ಅದನ್ನು ಜೋಪಾನವಾಗಿಡು. ಕಂಪೆನಿಯ ಬಿಲ್ಲು, ಗಿರಾಕಿಗಳ ಪಟ್ಟಿ ಇಂಥವಕ್ಕೆ ಮಾತ್ರ ಕೈ ಹಾಕಬೇಡ. ನಿನಗೆ ಬೇಕಾದ ಸಾಕ್ಷ್ಯ ನಿನ್ನದೇ ಸಂಬಳದ್ದು.

ಇನ್ನು ಅಜ್ಮಾನಿನಲ್ಲಿರುವ ಗೆಳೆಯನ ಅಂಗಡಿಗೆ ಹೋಗಿ ಸೇರುವ ವಿಚಾರ. ಒಬ್ಬರ ವೀಸಾದಲ್ಲಿದ್ದುಕೊಂಡು ಪರವಾನಗಿ ಇಲ್ಲದೆ ಇನ್ನೊಬ್ಬರಲ್ಲಿ ದುಡಿದರೆ ಅದು ನಿನ್ನ ಗೆಳೆಯನಿಗೂ ಕುತ್ತು, ನಿನಗೂ ಕುತ್ತು. ಅದಕ್ಕಿಂತ ದೊಡ್ಡ ಅಪಾಯವೆಂದರೆ, ಹೇಳದೆ ಕೇಳದೆ ಏಳು ದಿನಕ್ಕಿಂತ ಹೆಚ್ಚು ಕಾಲ ಕೆಲಸಕ್ಕೆ ಹೋಗದಿದ್ದರೆ ನೀನು ಕಾಣೆಯಾಗಿದ್ದೀ ಎಂದು ಧಣಿ ವರದಿ ಮಾಡಬಹುದು. ಗಲ್ಫಿನಲ್ಲಿ ಅಬ್‌ಸ್ಕಾಂಡಿಂಗ್ ಎಂದರೆ ಏನೆಂದು ನಾನು ನಿನಗೆ ಹೇಳಿಕೊಡಬೇಕಾಗಿಲ್ಲ. ಸಂಬಳ ಕೊಡದವನು ಸಾಚಾ, ಸಂಬಳ ಕೇಳಿದವನು ಓಡಿಹೋದವನು ಎಂದಾಗಿಬಿಡುತ್ತದೆ. ಆದ್ದರಿಂದ ಸಂಬಳ ಬಾರದಿದ್ದರೂ ದಿನಾಲೂ ಗೋದಾಮಿಗೆ ಹೋಗು, ಹಾಜರಿ ಹಾಕು. ಹುಡುಗರೆಲ್ಲ ಸೇರಿ ಒಂದು ದಿನ ಕೆಲಸ ನಿಲ್ಲಿಸುವ ಮಾತೂ ಬೇಡ. ಅಲ್ಲಿ ಮುಷ್ಕರಕ್ಕೆ ಅವಕಾಶವಿಲ್ಲ. ನಮ್ಮ ಕೇರಳದಲ್ಲಿ ಬೆಳೆದ ಮಕ್ಕಳಿಗೆ ಇದು ಅರಗುವುದು ಕಷ್ಟ ಎಂದು ನನಗೆ ಗೊತ್ತು.

ಈಗ ಲೆಕ್ಕಕ್ಕೆ ಬರೋಣ. ಒಟ್ಟು ಇಪ್ಪತ್ತು ಸಾವಿರ ದಿರ್ಹಮ್ ಬರಬೇಕು ಎಂದೆ. ಅದು ಎಲ್ಲಿಂದ ಬಂತು? ನಿನ್ನ ಕರಾರಿನಲ್ಲಿ ಬೇಸಿಕ್ 1,500, ಭತ್ಯೆ 1,300, ಒಟ್ಟು 2,800. ಮೂರು ತಿಂಗಳಿಗೆ 8,400. ಇವತ್ತು ನೀನು ಕೇಳಬಹುದಾದದ್ದು ಇಷ್ಟು. ಗ್ರಾಚ್ಯುಟಿ ಸಿಗುವುದು ಕೆಲಸ ಬಿಟ್ಟಾಗ ಮಾತ್ರ, ಅದೂ ಬೇಸಿಕ್ಕಿನ ಮೇಲೆ. ಮೊದಲ ಐದು ವರ್ಷಗಳ ತನಕ ವರ್ಷಕ್ಕೆ 21 ದಿನದ ಬೇಸಿಕ್, ಅನಂತರದ ಪ್ರತಿ ವರ್ಷಕ್ಕೆ 30 ದಿನದ್ದು. ನಿನ್ನ ದಿನದ ಬೇಸಿಕ್ 50 ದಿರ್ಹಮ್. ವರ್ಷಕ್ಕೆ 1,050 ಆಯಿತು, ನಾಲ್ಕು ವರ್ಷಕ್ಕೆ 4,200. ತೆಗೆದುಕೊಳ್ಳದೆ ಉಳಿದ ಒಂದು ತಿಂಗಳ ರಜೆಯ ಹಣವೂ ಬೇಸಿಕ್ಕಿನ ಪ್ರಕಾರವೇ, 1,500. ಎಲ್ಲ ಸೇರಿದರೆ 14,100. ವೀಸಾ ಖರ್ಚೆಂದು ಸಂಬಳದಲ್ಲಿ ಮುರಿದುಕೊಂಡದ್ದಿದ್ದರೆ ಅದನ್ನು ಬೇರೆ ಸಾಲಿನಲ್ಲಿ ಬರೆ. ನೇಮಕಾತಿಯ ಖರ್ಚನ್ನು ನೇರವಾಗಿಯಾಗಲಿ ಸುತ್ತಿಬಳಸಿಯಾಗಲಿ ಕೆಲಸಗಾರನಿಂದ ವಸೂಲು ಮಾಡಬಾರದು ಎಂದು ಕಾನೂನೇ ಹೇಳುತ್ತದೆ. ಆದರೆ ಇಪ್ಪತ್ತು ಸಾವಿರ ಎಂದು ಬಾಯಿಗೆ ಬಂದದ್ದನ್ನು ದೂರಿನಲ್ಲಿ ಬರೆದರೆ, ಒಂದು ಅಂಕಿ ಸುಳ್ಳಾದ ಕೂಡಲೇ ಅಧಿಕಾರಿ ಉಳಿದ ಅಂಕಿಗಳನ್ನೂ ಸಂಶಯದಿಂದಲೇ ನೋಡುತ್ತಾನೆ. ಸಾಲ ವಸೂಲಿಯ ಅದಾಲತ್ತುಗಳಲ್ಲಿ ಕೂತು ನಾನು ಇದನ್ನು ಬೇಕಾದಷ್ಟು ನೋಡಿದ್ದೇನೆ.

ಕರಾರಿನ ಪ್ರತಿ ಕೈಯಲ್ಲಿಲ್ಲ ಎಂದಿದ್ದೆ. ಅಲ್ಲಿಯ ಮಾನವ ಸಂಪನ್ಮೂಲ ಸಚಿವಾಲಯದ ಆ್ಯಪಿನಲ್ಲಿ ನಿನ್ನ ಕರಾರನ್ನು ನೀನೇ ನೋಡಬಹುದು. ಅಲ್ಲಿ ಆಫರ್ ಲೆಟರ್ ಹನ್ನೊಂದು ಭಾಷೆಗಳಲ್ಲಿ ಸಿಗುವ ವ್ಯವಸ್ಥೆ ಇದೆ. ಅರಬ್ಬಿ, ಇಂಗ್ಲಿಷ್, ಹಿಂದಿ, ತಮಿಳು, ಮಲಯಾಳ ಎಲ್ಲ ಇವೆ, ಕನ್ನಡ ಇಲ್ಲ. ಇಲ್ಲಿ ರೇಷನ್ ಕಾರ್ಡಿನಿಂದ ಕರೆಂಟು ಬಿಲ್ಲಿನ ತನಕ ಎಲ್ಲವೂ ಮಲಯಾಳದಲ್ಲಿ ಬರುವಾಗ ನಾವು ಗೊಣಗುತ್ತೇವೆ, ಗೊಣಗಲೇಬೇಕು, ಅದು ನಮ್ಮ ಹಕ್ಕಿನ ಪ್ರಶ್ನೆ. ಆದರೆ ಬಸ್ಸಿನ ಬೋರ್ಡು ನೋಡಿ ನೀನು ಕಲಿತ ಮಲಯಾಳ ಅಲ್ಲಿ ಉಪಯೋಗಕ್ಕೆ ಬರುವುದಾದರೆ ಬರಲಿ. ಒಂದೊಂದು ಷರತ್ತನ್ನೂ ಓದಿ ಅರ್ಥ ಮಾಡಿಕೊ. ನೋಟೀಸ್ ಅವಧಿ ಎಷ್ಟೆಂದು ಮುಖ್ಯವಾಗಿ ನೋಡು. ಅದು 30 ದಿನಕ್ಕಿಂತ ಕಡಿಮೆ, 90 ದಿನಕ್ಕಿಂತ ಹೆಚ್ಚು ಇರುವಂತಿಲ್ಲ.

ಕಂಪೆನಿಯ ಲೈಸೆನ್ಸ್ ಎಲ್ಲಿಯದೆಂದೂ ಗಮನಿಸು. ಫ್ರೀ ಝೋನ್ ಎಂಬ ಪ್ರತ್ಯೇಕ ವ್ಯಾಪಾರ ವಲಯದ್ದಾದರೆ ಮೊದಲು ಆ ಝೋನಿನ ಕಚೇರಿಗೆ ಹೋಗಬೇಕು. ನಿನ್ನದು ಹೊರಗಿನದೇ ಎಂದುಕೊಂಡು ಮುಂದಿನದನ್ನು ಬರೆಯುತ್ತೇನೆ.

ಮೊದಲು ಮ್ಯಾನೇಜರನಿಗೆ ಒಂದು ಸಣ್ಣ ಇಮೇಲ್ ಬರೆ. ಇಂಥ ಮೂರು ತಿಂಗಳ ಸಂಬಳ ಬಂದಿಲ್ಲ, ಇಂಥ ತಾರೀಖಿನೊಳಗೆ ಕೊಡಬೇಕು, ಪಾಸ್‌ಪೋರ್ಟನ್ನೂ ಹಿಂತಿರುಗಿಸಬೇಕು. ಅಷ್ಟೇ ಸಾಕು. ಶಾಪ ಬೇಡ, ಅಮ್ಮನ ಕಾಯಿಲೆ ಬೇಡ, ಊರಿನ ಸಂಬಂಧವೂ ಬೇಡ. ಪಾಸ್‌ಪೋರ್ಟ್ ಧಣಿಯ ತಿಜೋರಿಯಲ್ಲಿ ಇರಬೇಕಾದ ವಸ್ತುವಲ್ಲ. ನಮ್ಮ 1967ರ ಪಾಸ್‌ಪೋರ್ಟ್ ಕಾಯ್ದೆಯ ಪ್ರಕಾರ ಅದು ಭಾರತ ಸರಕಾರದ ಸೊತ್ತು, ನಿನ್ನದೂ ಅಲ್ಲ. ಯುಎಇಯ ಕಾನೂನು ಕೂಡ ಕೆಲಸಗಾರನ ದಾಖಲೆಗಳನ್ನು ಇಟ್ಟುಕೊಳ್ಳಲು ಧಣಿಗೆ ಬಿಡುವುದಿಲ್ಲ.

ಉತ್ತರ ಬಾರದಿದ್ದರೆ ನೀವೆಲ್ಲ ಮೊಹ್ರೆ ಎನ್ನುವ ಆ ಮಾನವ ಸಂಪನ್ಮೂಲ ಸಚಿವಾಲಯಕ್ಕೆ ದೂರು ಕೊಡು. ಆ್ಯಪಿನಲ್ಲಿ ಕೊಡಬಹುದು, 80084ಕ್ಕೆ ಫೋನ್ ಮಾಡಿಯೂ ಕೊಡಬಹುದು. ನಿಮ್ಮ ಸಂಬಳ ಬ್ಯಾಂಕಿನ ಮೂಲಕ ಬರುವ ಪದ್ಧತಿ 2009ರಿಂದ ಇದೆ, ಬಾರದ ತಿಂಗಳು ಯಾವುದೆಂದು ಅದರಲ್ಲೇ ಕಾಣುತ್ತದೆ. ಆದರೂ ಬ್ಯಾಂಕಿನ ಸ್ಟೇಟ್‌ಮೆಂಟನ್ನು ನೀನೇ ತೆಗೆದಿಟ್ಟುಕೊ. ಮೊದಲು ಸಂಧಾನಕ್ಕೆ ಕರೆಯುತ್ತಾರೆ, ಅದಕ್ಕೆ 14 ದಿನಗಳ ಗಡುವು. ನಾನು ಮೇಲೆ ಹೇಳಿದ ರಾಜಿಯ ಜಾಗ ಅದೇ. 8,400ನ್ನು ಎರಡು ಕಂತಿನಲ್ಲಿ ಕೊಡುತ್ತೇನೆ ಎಂದರೆ ಒಪ್ಪಿಕೊ, ವ್ಯಾಪಾರದಲ್ಲಿ ಏಳುಬೀಳು ಇರುತ್ತದೆ. ಅಸಲನ್ನೇ ಅರ್ಧ ಮಾಡುತ್ತೇನೆ ಎಂದರೆ ಒಪ್ಪಬೇಡ. ಸಂಧಾನ ಮುರಿದರೂ ಹೆದರಬೇಕಾದದ್ದಿಲ್ಲ. 2024ರ ಜನವರಿಯಿಂದ 50,000 ದಿರ್ಹಮ್ ಮೀರದ ತಗಾದೆಯನ್ನು ಸಚಿವಾಲಯವೇ ತೀರ್ಮಾನಿಸಬಹುದು, ಆ ತೀರ್ಮಾನವನ್ನು ನೇರವಾಗಿ ಜಾರಿಗೆ ತರಬಹುದು. ಒಪ್ಪದವರು 15 ಕೆಲಸದ ದಿನಗಳೊಳಗೆ ನ್ಯಾಯಾಲಯಕ್ಕೆ ಹೋಗಬೇಕು. 1,00,000 ದಿರ್ಹಮ್ ತನಕದ ದಾವೆಗೆ ಕೆಲಸಗಾರ ನ್ಯಾಯಾಲಯದ ಶುಲ್ಕ ಕಟ್ಟಬೇಕಾಗಿಲ್ಲ. ವಕೀಲರನ್ನು ಹಿಡಿಯಬೇಕು, ಕಮಿಷನ್ ಕೊಡಬೇಕು ಎಂದು ನಿನ್ನ ರೂಮಿನ ಹಿರಿಯಣ್ಣ ಹೇಳಿದನಂತೆ. ಅವನ ಮಾತಿಗೆ ಕಿವಿಗೊಡಬೇಡ.

ದೂರು ಕೊಟ್ಟರೆ ಕೆಲಸದಿಂದ ತೆಗೆಯುತ್ತಾರೆ ಎಂಬುದು ನಿನ್ನ ಅಮ್ಮನ ಹೆದರಿಕೆ. ತೆಗೆಯಲೂಬಹುದು. ಆದರೆ ನ್ಯಾಯವಾದ ದೂರು ಕೊಟ್ಟ ಕಾರಣಕ್ಕೆ ತೆಗೆದದ್ದೆಂದು ರುಜುವಾತಾದರೆ, ಮೂರು ತಿಂಗಳ ಸಂಬಳದ ತನಕ ಪರಿಹಾರ ಕೊಡಿಸಲು ಕಾನೂನಿನಲ್ಲಿ ಅವಕಾಶವಿದೆ. ನೀನೇ ಬಿಡುವುದಾದರೂ ದಾರಿಯಿದೆ. ಧಣಿ ಕರಾರು ಮುರಿದಿದ್ದಾನೆಂದು 14 ಕೆಲಸದ ದಿನ ಮೊದಲು ಸಚಿವಾಲಯಕ್ಕೆ ತಿಳಿಸಿದ ಮೇಲೂ ಅವನು ಸರಿಪಡಿಸದಿದ್ದರೆ, ನೋಟೀಸ್ ಕೊಡದೆಯೇ ಕೆಲಸ ಬಿಡಬಹುದು, ಗ್ರಾಚ್ಯುಟಿಯ ಹಕ್ಕು ಕಳೆದುಹೋಗುವುದಿಲ್ಲ. ಬಿಟ್ಟ ಮೇಲೆ ಬಾಕಿಯೆಲ್ಲ 14 ದಿನಗಳೊಳಗೆ ಸಿಗಬೇಕು. ನನ್ನನ್ನು ಕೇಳಿದರೆ, ಮೊದಲು ಸಂಬಳದ ದೂರು. ಬಿಡುವ ಬಿಡದಿರುವ ಮಾತು ಹಣ ಕೈಗೆ ಬಂದ ಮೇಲೆ. ಎರಡನ್ನೂ ಒಟ್ಟಿಗೆ ಹಿಡಿದರೆ ಅವರು ಕ್ಯಾನ್ಸಲೇಶನ್ ಕಾಗದವನ್ನು ಮುಂದೆ ಮಾಡುತ್ತಾರೆ.

ಆ ಕಾಗದದ ಬಗ್ಗೆ ಬೇರೆಯೇ ಹೇಳಬೇಕು. ವೀಸಾ ಕ್ಯಾನ್ಸಲ್ ಮಾಡುವಾಗ "ನನಗೆ ಸಲ್ಲಬೇಕಾದ ಹಣವೆಲ್ಲ ಸಂದಿದೆ" ಎಂಬ ಒಕ್ಕಣೆಗೆ ಸಹಿ ಕೇಳುತ್ತಾರೆ. ಕಂಪೆನಿಯ ವೀಸಾ ಕಾಗದಪತ್ರ ನೋಡಿಕೊಳ್ಳುವ ಪಿಆರ್‌ಓ ಬಂದು, ಇದು ಬರೀ ಫಾರ್ಮಾಲಿಟಿ, ಹಣ ವಿಮಾನ ಹತ್ತುವ ದಿನ ಕೈಗೆ ಕೊಡುತ್ತೇವೆ ಎಂದರೂ ಹಣ ಖಾತೆಗೆ ಬೀಳದೆ ಸಹಿ ಹಾಕಬೇಡ. ಖಾಲಿ ಕಾಗದಕ್ಕಂತೂ ಯಾವ ಕಾಲಕ್ಕೂ ಬೇಡ. ಅಜ್ಜಿಗೆ ಸೌಖ್ಯವಿಲ್ಲ, ನೀನು ಊರಿಗೆ ಬರಬೇಕು ಎಂದು ನಾವೇ ಫೋನ್ ಮಾಡಿದರೂ ಬೇಡ. ಹಾಗೇನಾದರೂ ಆದರೆ ರಜೆ ಕೇಳಿಕೊಂಡು ಬಾ.

ನಡುವೆ ದಾರಿ ಕಾಣದಾದರೆ ದುಬೈಯಲ್ಲಿರುವ ಭಾರತೀಯ ಕಾನ್ಸುಲೇಟಿನ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರಕ್ಕೆ ಫೋನ್ ಮಾಡು. 80046342, ದುಡ್ಡು ಕೊಡಬೇಕಾಗಿಲ್ಲ. ಶಾರ್ಜಾವೂ ಅವರ ವ್ಯಾಪ್ತಿಗೇ ಬರುತ್ತದೆ. ಇಲ್ಲಿಂದ ನಾನು, ಹೊರನಾಡಿನಲ್ಲಿರುವ ಕೇರಳದವರಿಗಾಗಿ ಇರುವ ಸರಕಾರಿ ಸಂಸ್ಥೆ ನೋರ್ಕಾದ ಕಾಸರಗೋಡು ಕಚೇರಿಯಲ್ಲಿ ವಿಚಾರಿಸುತ್ತೇನೆ. ಕನ್ನಡಿಗರೆಂದು ಬೆಂಗಳೂರಿನ ಕಡೆ ಮುಖ ಮಾಡಿ ಕೂತರೆ ಪ್ರಯೋಜನವಿಲ್ಲ, 1956ರಿಂದ ನಮ್ಮ ವಿಳಾಸ ಕೇರಳದ್ದು, ನಿನ್ನ ಪಾಸ್‌ಪೋರ್ಟಿನಲ್ಲೂ ಅದೇ ಇದೆ.

ಮನೆಸಾಲದ ಕಂತಿನ ಚಿಂತೆ ನಿನಗೆ ಬೇಡ. ಬ್ಯಾಂಕಿನ ಕಾರ್ಯದರ್ಶಿಯಲ್ಲಿ ಮಾತನಾಡಿದ್ದೇನೆ. ಹಳೆ ಅಡಿಕೆ ಸ್ವಲ್ಪ ಇದೆ, ಅದನ್ನು ಕೊಟ್ಟು ದೀಪಾವಳಿಯ ತನಕದ ಕಂತು ನಾನು ಕಟ್ಟುತ್ತೇನೆ. ನೀನು ಆಮೇಲೆ ಕೊಡು, ಬರೆದಿಟ್ಟುಕೊಳ್ಳುತ್ತೇನೆ. ಕಂತು ತಪ್ಪುತ್ತದೆ ಎಂಬ ಗಡಿಬಿಡಿಯಲ್ಲಿ ಅವರು ಕೊಟ್ಟಷ್ಟಕ್ಕೆ ನೀನು ಸಹಿ ಹಾಕಬಾರದು ಎಂದೇ ಈ ಏರ್ಪಾಡು. ಇದನ್ನು ನಿನ್ನ ಅತ್ತೆಗೆ ಇನ್ನೂ ಹೇಳಿಲ್ಲ, ನೀನೂ ಹೇಳಬೇಡ.

ನಿನ್ನ ಅಮ್ಮನಿಗೆ ದಿನಾಲೂ ಫೋನ್ ಮಾಡು, ಆದರೆ ಕೇಸಿನ ವಿಷಯ ನನ್ನಲ್ಲಿ ಮಾತ್ರ ಮಾತನಾಡು. ಅವಳಿಗೆ ಹೇಳಿದ್ದು ಸಂಜೆಯೊಳಗೆ ಮೂರು ಮನೆಗೆ ಮುಟ್ಟುತ್ತದೆ, ಅಲ್ಲಿಂದ ಕುಂಬಳೆ ದೂರವಲ್ಲ.

ಮ್ಯಾನೇಜರನಿಗೆ ಬರೆಯುವ ಇಮೇಲನ್ನು ಕಳುಹಿಸುವ ಮೊದಲು ನನಗೆ ತೋರಿಸು. ಬ್ಯಾಂಕಿನ ಸ್ಟೇಟ್‌ಮೆಂಟ್ ಕೂಡ ಕಳುಹಿಸು, ಒಂದು ವರ್ಷದ್ದು ಬೇಕು.

ಇತಿ ಆಶೀರ್ವಾದಗಳು,
ನಿನ್ನ ಸೋದರಮಾವ