ಟೆಂಡರ್ ‘ಪ್ಯಾಕೇಜ್’ ನುಂಗುವ ಮೀಸಲು ಪಾಲು

ಮಾನ್ಯರೇ,

ಸರ್ಕಾರಿ ಗುತ್ತಿಗೆಯಲ್ಲಿ ಮೀಸಲಾತಿ ಎಂದ ಕೂಡಲೇ ಮಾತೆಲ್ಲ ಶೇಕಡಾವಾರಿನ ಸುತ್ತಲೇ ಗಿರಕಿ ಹೊಡೆಯುತ್ತದೆ. 2025ರ ಮಾರ್ಚ್‌ನಲ್ಲಿ ವಿಧಾನಮಂಡಲ ಒಪ್ಪಿದ ಕೆಟಿಪಿಪಿ (ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆ) ತಿದ್ದುಪಡಿ ಮಸೂದೆಯನ್ನು ರಾಜ್ಯಪಾಲರು ರಾಷ್ಟ್ರಪತಿಯವರಿಗೆ ಕಾಯ್ದಿರಿಸಿದ ಮೇಲಂತೂ ಯಾರಿಗೆ ನಾಲ್ಕು, ಯಾರಿಗೆ ಹದಿನೈದು ಎಂಬುದೇ ಸುದ್ದಿಯಾಯಿತು. ಆದರೆ ತಾಲ್ಲೂಕಿನ ಸಣ್ಣ ಗುತ್ತಿಗೆದಾರನಿಗೆ ಕೆಲಸ ಸಿಗುತ್ತದೋ ಇಲ್ಲವೋ ಎನ್ನುವುದು ಅದಕ್ಕೂ ಮೊದಲೇ ತೀರ್ಮಾನವಾಗಿರುತ್ತದೆ. ಹತ್ತಿಪ್ಪತ್ತು ಅಂದಾಜುಪಟ್ಟಿಗಳನ್ನು ಸೇರಿಸಿ ಒಂದು ‘ಪ್ಯಾಕೇಜ್’ ಕಟ್ಟುವ ಹೊತ್ತಿಗೆ.

ಲೆಕ್ಕ ಹಾಕಿ ನೋಡೋಣ. ಪರಿಶಿಷ್ಟ ಜಾತಿಗೆ ಶೇ 17.15, ಪರಿಶಿಷ್ಟ ಪಂಗಡಕ್ಕೆ ಶೇ 6.95 ಎಂಬ ನಿಯಮ 2017ರಲ್ಲಿ ಬಂದಾಗ 50 ಲಕ್ಷ ರೂಪಾಯಿವರೆಗಿನ ಕಾಮಗಾರಿಗಳಿಗೆ ಮಾತ್ರ ಅನ್ವಯವಾಗುತ್ತಿತ್ತು. 2023ರ ತಿದ್ದುಪಡಿ ಆ ಮಿತಿಯನ್ನು 1 ಕೋಟಿಗೆ ಏರಿಸಿತು. ಬಳಿಕ ಹಿಂದುಳಿದ ವರ್ಗಗಳಲ್ಲಿ ಪ್ರವರ್ಗ-1ಕ್ಕೆ ಶೇ 4, 2ಎಗೆ ಶೇ 15 ಸೇರಿದವು. ಇಲ್ಲಿ ಬಹಳ ಮಂದಿ ಗಮನಿಸದ ಮಾತೊಂದಿದೆ: ಈ ಪಾಲು ಕಾಮಗಾರಿಗಳ ಸಂಖ್ಯೆಯ ಮೇಲೆ, ಹಣದ ಮೊತ್ತದ ಮೇಲಲ್ಲ. ಆರು ಲಕ್ಷದ ಚರಂಡಿಯೂ ಒಂದು, ತೊಂಬತ್ತು ಲಕ್ಷದ ರಸ್ತೆಯೂ ಒಂದು.

ಒಂದು ವಿಭಾಗದಲ್ಲಿ ತಲಾ 30 ಲಕ್ಷದ 20 ಕಾಮಗಾರಿಗಳಿವೆ ಎಂದಿಟ್ಟುಕೊಳ್ಳಿ, ಒಟ್ಟು 6 ಕೋಟಿ. ಬಿಡಿಬಿಡಿಯಾಗಿ ಟೆಂಡರ್ ಕರೆದರೆ ಪರಿಶಿಷ್ಟ ಜಾತಿಗೆ 3.43, ಪಂಗಡಕ್ಕೆ 1.39, ಪ್ರವರ್ಗ-1ಕ್ಕೆ 0.8, 2ಎಗೆ 3 ಬರುತ್ತವೆ. ಅವೇ ಇಪ್ಪತ್ತನ್ನು ಒಂದೂವರೆ ಕೋಟಿಯ ನಾಲ್ಕು ಪ್ಯಾಕೇಜ್ ಮಾಡಿದರೆ ಎಲ್ಲವೂ 1 ಕೋಟಿಯ ಗೆರೆ ದಾಟಿದವು, ಮೀಸಲು ಸೊನ್ನೆ. ಹೊಸ ಮಸೂದೆಯಂತೆ ಮಿತಿ 2 ಕೋಟಿಯಾದರೆ ಸರಿಹೋಗುತ್ತದೆಯೇ? ನಾಲ್ಕರಲ್ಲಿ ಶೇ 17.15 ಎಂದರೆ 0.69, ಶೇ 6.95 ಎಂದರೆ 0.28, ಶೇ 15 ಎಂದರೆ 0.6, ಶೇ 4 ಎಂದರೆ 0.16. ಒಂದು ವರ್ಗಕ್ಕೂ ಒಂದು ಇಡೀ ಕಾಮಗಾರಿ ದಕ್ಕುವುದಿಲ್ಲ. ಭಿನ್ನಾಂಕದ ಉಳಿಕೆಯನ್ನು ಮುಂದಿನ ಪಟ್ಟಿಗೆ ಒಯ್ದು ಬರೆದಿಟ್ಟರೆ ಮಾತ್ರ ಎಂದೋ ಒಂದು ದಿನ ಒಂದು ಕೆಲಸವಾದೀತು.

ಪ್ಯಾಕೇಜ್ ಎಂದರೆಲ್ಲ ತಪ್ಪು ಎನ್ನಲಾಗದು. ಡಾಂಬರು ರಸ್ತೆಗೆ ಹಾಟ್‌ಮಿಕ್ಸ್ ಪ್ಲಾಂಟ್, ಪೇವರ್, ರೋಲರ್ ಒಟ್ಟಿಗೇ ಬೇಕು. ಪ್ಲಾಂಟ್‌ನಿಂದ ಹೊರಟ ಮಿಶ್ರಣವನ್ನು ಬಿಸಿ ಆರುವ ಮೊದಲೇ ಹಾಸಿ ಉರುಳಿಸಬೇಕು. ಅಕ್ಕಪಕ್ಕದ ನಾಲ್ಕು ರಸ್ತೆ ಒಬ್ಬರ ಕೈಯಲ್ಲಿದ್ದರೆ ಯಂತ್ರ ಸಾಗಿಸುವ ಖರ್ಚೂ ಉಳಿಯುತ್ತದೆ. ಆದರೆ ತುಮಕೂರು ಜಿಲ್ಲೆಯ ಪಾವಗಡದ ಶಾಲಾ ಕಾಂಪೌಂಡ್, ತುರುವೇಕೆರೆಯ ಚರಂಡಿ, ಕುಣಿಗಲ್‌ನ ಅಂಗನವಾಡಿ ಕೊಠಡಿ ಒಂದೇ ಪ್ಯಾಕೇಜ್‌ಗೆ ಬೀಳುವುದಕ್ಕೆ ಯಾವ ತಾಂತ್ರಿಕ ಕಾರಣವಿದೆ? ಅವಕ್ಕೆ ಬೇಕಿರುವುದು ಒಂದು ಮಿಕ್ಸರ್, ಒಂದು ವೈಬ್ರೇಟರ್, ನಾಲ್ಕು ಸೆಟ್ ಸೆಂಟ್ರಿಂಗ್ ಶೀಟು. ಪಾವಗಡವೋ ಮೂರೂ ಕಡೆ ಆಂಧ್ರ ಸುತ್ತುವರಿದ ತಾಲ್ಲೂಕು. ತುಮಕೂರಿನಲ್ಲಿ ಪ್ಯಾಕೇಜ್ ಹಿಡಿದವನು ಅಲ್ಲಿಗೆ ಕಾಂಕ್ರೀಟ್ ಕಲಸಲು ಹೋಗುವುದಿಲ್ಲ.

ಹಾಗಾದರೆ ಅಲ್ಲಿ ಕೆಲಸ ಮಾಡುವವರು ಯಾರು? ಸ್ಥಳೀಯ ಸಣ್ಣ ಗುತ್ತಿಗೆದಾರನೇ, ಸಬ್ ಕಾಂಟ್ರಾಕ್ಟ್ ಮೇಲೆ. ಪ್ಯಾಕೇಜ್ ಹಿಡಿದವನ ಕಮಿಷನ್ ಕಳೆದು ಉಳಿದ ದರದಲ್ಲಿ ಮುಗಿಸಬೇಕಾದಾಗ ಮೊದಲು ಕತ್ತರಿ ಬೀಳುವುದು ಕ್ಯೂರಿಂಗ್‌ಗೆ. ಪಿಪಿಸಿ (ಹಾರುಬೂದಿ ಬೆರೆತ) ಸಿಮೆಂಟ್‌ನ ಕಾಂಕ್ರೀಟ್‌ಗೆ ಕನಿಷ್ಠ 10 ದಿನ ನೀರುಣಿಸಬೇಕೆಂದು ಕಾಂಕ್ರೀಟ್ ಕೆಲಸದ ಭಾರತೀಯ ಮಾನಕ ಐಎಸ್ 456 ಹೇಳುತ್ತದೆ. ಟ್ಯಾಂಕರ್ ನೀರಿನ ಲೆಕ್ಕ ನೋಡಿ ಮೂರನೇ ದಿನಕ್ಕೇ ಕೈಬಿಡುತ್ತಾರೆ. ಇದಕ್ಕಿಂತ ದೊಡ್ಡ ನಷ್ಟ ಕಾಗದದಲ್ಲಿದೆ. ಕೆಲಸ ಮುಗಿಸಿದ ಪ್ರಮಾಣಪತ್ರ ಪ್ಯಾಕೇಜ್ ಹಿಡಿದವನ ಹೆಸರಿಗೆ ಬರುತ್ತದೆ. ಮುಂದಿನ ಟೆಂಡರ್‌ನ ಕೆಡಬ್ಲ್ಯು-4 ದಾಖಲೆ (ದೊಡ್ಡ ಕಾಮಗಾರಿಗಳಿಗೆ ರಾಜ್ಯದ ಮಾದರಿ ಟೆಂಡರ್ ನಮೂನೆ) ವಾರ್ಷಿಕ ವಹಿವಾಟನ್ನೂ ‘ಇದೇ ಬಗೆಯ ಕಾಮಗಾರಿ’ಯ ಅನುಭವವನ್ನೂ ಕೇಳುತ್ತದೆ. ಗಾರೆ ಕಲಸಿದವನ ಬಳಿ ಎರಡೂ ಇರುವುದಿಲ್ಲ. ಹತ್ತು ವರ್ಷ ಹೀಗೆ ದುಡಿದರೂ ದಾಖಲೆಯಲ್ಲಿ ಆತ ಹೊಸಬನೇ.

ಬಿಡಿಯಾಗಿ ಕರೆದರೆ ‘ಕಾಮಗಾರಿ ತುಂಡರಿಸಿದ್ದೀರಿ’ ಎಂದು ಆಡಿಟ್‌ನವರು ಆಕ್ಷೇಪಿಸುತ್ತಾರೆ ಎಂಬುದು ಎಂಜಿನಿಯರುಗಳ ಸಿದ್ಧ ಉತ್ತರ. ತುಂಡರಿಸುವುದು ಎಂದರೆ ಒಂದೇ ಕಾಮಗಾರಿಯನ್ನು ಟೆಂಡರ್ ತಪ್ಪಿಸಲೆಂದು ಒಡೆಯುವುದು. ಪ್ರತ್ಯೇಕ ಊರು, ಪ್ರತ್ಯೇಕ ಅಂದಾಜುಪಟ್ಟಿ, ಪ್ರತ್ಯೇಕ ಆಡಳಿತಾತ್ಮಕ ಮಂಜೂರಾತಿ ಇರುವ ಕೆಲಸಗಳಿಗೆ ಪ್ರತ್ಯೇಕ ಟೆಂಡರ್ ಕರೆದರೆ ಅದು ತುಂಡರಿಸಿದಂತಲ್ಲ. ಪ್ಯಾಕೇಜ್ ಬೇಕೇ ಬೇಕು ಎನ್ನುವ ಕಡೆ ಕಾರಣವನ್ನು ಟಿಪ್ಪಣಿಯಲ್ಲಿ ಬರೆದು, ಪ್ಯಾಕೇಜ್‌ಗೆ ಮೊದಲಿನ ಕಾಮಗಾರಿಗಳ ಪಟ್ಟಿಯನ್ನೂ ಪ್ರತಿ ವರ್ಗಕ್ಕೆ ಹೋದ ಸಂಖ್ಯೆ ಮತ್ತು ಮೊತ್ತ ಎರಡನ್ನೂ ಟೆಂಡರ್ ಪ್ರಕಟಣೆಯ ಜೊತೆಗೇ ಹಾಕಲಿ. ಮೀಸಲು ಗುತ್ತಿಗೆದಾರನ ಹೆಸರಲ್ಲಿ ಬೇರೆಯವರು ಕೆಲಸ ಹಿಡಿಯುವ ಬೇನಾಮಿ ಹಾವಳಿಗೂ ಇಂಥದೇ ಸರಳ ಪರೀಕ್ಷೆ ಸಾಕು: ಇಎಂಡಿ (ಟೆಂಡರ್ ಹಾಕುವಾಗ ಕಟ್ಟುವ ಮುಂಗಡ ಠೇವಣಿ) ಹಣ ಯಾರ ಖಾತೆಯಿಂದ ಬಂತು, ಬಿಲ್ ಜಮೆಯಾದ ವಾರದಲ್ಲಿ ಅದು ಯಾರ ಖಾತೆಗೆ ಹೋಯಿತು.

ದರ ಒಪ್ಪಿದ ಆದೇಶದಿಂದ ಅನ್ಯಾಯವಾಗಿದೆ ಎನಿಸಿದ ಟೆಂಡರ್‌ದಾರರಿಗೆ ಕೆಟಿಪಿಪಿ ಕಾಯ್ದೆಯ 16ನೇ ಪ್ರಕರಣದಡಿ ಮೇಲ್ಮನವಿಗೆ ಅವಕಾಶವಿದೆ. ಗಡುವು 30 ದಿನ, ಆದೇಶ ಕೈಸೇರಿದ ದಿನದಿಂದ.

ಇನ್ನು ಉದ್ಯಮ್ ನೋಂದಣಿಯ, ಅಂದರೆ ಸಣ್ಣ ಉದ್ದಿಮೆಗಳಿಗೆ ಕೇಂದ್ರ ಕೊಡುವ ನೋಂದಣಿಯ ಗೊಂದಲ. ಉದ್ಯಮ್ ಇದ್ದರೆ ಕಟ್ಟಡ ಟೆಂಡರ್‌ನಲ್ಲೂ ಆದ್ಯತೆ ಸಿಗುತ್ತದೆಂದು ಎಷ್ಟೋ ಸಿವಿಲ್ ಗುತ್ತಿಗೆದಾರರು ನಂಬಿದ್ದಾರೆ. ಕೇಂದ್ರದ 2012ರ ಎಂಎಸ್‌ಇ (ಸಣ್ಣ ಮತ್ತು ಅತಿಸಣ್ಣ ಉದ್ದಿಮೆ) ಖರೀದಿ ಆದೇಶ ಕೇಂದ್ರ ಇಲಾಖೆಗಳು ಮತ್ತು ಕೇಂದ್ರ ಉದ್ದಿಮೆಗಳು ಕೊಳ್ಳುವ ಸರಕು, ಸೇವೆಗಳಿಗೆ ಮಾತ್ರ. ವರ್ಕ್ಸ್ ಕಾಂಟ್ರಾಕ್ಟ್, ಅಂದರೆ ಕಾಮಗಾರಿ ಗುತ್ತಿಗೆ, ಅದರೊಳಗೆ ಬರುವುದಿಲ್ಲ. ಆ ಆದೇಶದ ನಿಜವಾದ ಬಳಕೆ ತುಮಕೂರು ಸುತ್ತಲಿನ ವಸಂತನರಸಾಪುರ, ಅಂತರಸನಹಳ್ಳಿ, ಹಿರೇಹಳ್ಳಿಯ ಸಣ್ಣ ಕಾರ್ಖಾನೆಗಳಿಗೆ. ಗುಬ್ಬಿ ತಾಲ್ಲೂಕಿನಲ್ಲಿ 2023ರ ಫೆಬ್ರುವರಿಯಲ್ಲಿ ಉದ್ಘಾಟನೆಯಾದ ಎಚ್‌ಎಎಲ್ ಹೆಲಿಕಾಪ್ಟರ್ ಘಟಕ, ಕೋಲಾರ ಜಿಲ್ಲೆಯ ಕೆಜಿಎಫ್‌ನ ಬಿಇಎಂಎಲ್, ರೈಲ್ವೆ ಇವೆಲ್ಲ ಈ ಆದೇಶದ ವ್ಯಾಪ್ತಿಯವು. ವರ್ಷದ ಖರೀದಿಯಲ್ಲಿ ಶೇ 25 ಸಣ್ಣ ಮತ್ತು ಅತಿಸಣ್ಣ ಘಟಕಗಳಿಂದ ಆಗಬೇಕು. ಅದರೊಳಗೆ ಶೇ 4 ಪರಿಶಿಷ್ಟರ, ಶೇ 3 ಮಹಿಳೆಯರ ಘಟಕಗಳಿಂದ. ಪರಿಶಿಷ್ಟರ ಘಟಕ ಎನಿಸಿಕೊಳ್ಳಲು ಪಾಲುದಾರಿಕೆಯಲ್ಲಿ ಕನಿಷ್ಠ ಶೇ 51 ಪಾಲು ಅವರದಾಗಿರಬೇಕು.

ಎಡವುವ ಜಾಗಗಳು ಹೆಚ್ಚುಕಡಿಮೆ ಒಂದೇ ತೆರ. 2021ರ ಜುಲೈನಿಂದ ವ್ಯಾಪಾರಿಗಳಿಗೂ ಉದ್ಯಮ್ ಸಂಖ್ಯೆ ಸಿಗುತ್ತಿದೆ, ಆದರೆ ಅದು ಬ್ಯಾಂಕಿನ ಆದ್ಯತಾ ವಲಯದ ಸಾಲಕ್ಕಷ್ಟೇ. ಕೊಂಡು ಮಾರುವವರಿಗೆ ಖರೀದಿ ಆದ್ಯತೆ ಇಲ್ಲ. ಸರ್ಕಾರಿ ಖರೀದಿಯ ಜೆಮ್ ಪೋರ್ಟಲ್‌ನಲ್ಲಿ ಬೇರೆಯವರ ಮಾಲನ್ನು ರೀಸೆಲ್ಲರ್ ಆಗಿ ಹಾಕಿ ಎಂಎಸ್‌ಇ ಎಂದು ಗುರುತಿಸಿಕೊಂಡರೆ ಪರಿಶೀಲನೆಯಲ್ಲಿ ಬಿಡ್ ಬಿದ್ದುಹೋಗಬಹುದು. ಇಎಂಡಿಗೆ ವಿನಾಯಿತಿ ಇದೆ ಎಂದು ಆರ್ಡರ್ ಸಿಕ್ಕ ಮೇಲಿನ ಭದ್ರತಾ ಠೇವಣಿಗೂ ಇದೆ ಎಂದುಕೊಳ್ಳುವುದು ಇನ್ನೊಂದು ತಪ್ಪು, ಅದನ್ನು ಕಟ್ಟಲೇಬೇಕು. ಅನುಭವ, ವಹಿವಾಟಿನ ಷರತ್ತಿನಲ್ಲಿ ಸಡಿಲಿಕೆ ಕೊಡುವುದು ಬಿಡುವುದು ಖರೀದಿದಾರರಿಗೆ ಬಿಟ್ಟದ್ದು. ಟೆಂಡರ್‌ನಲ್ಲಿ ಬರೆದಿದ್ದರೆ ಉಂಟು, ಇಲ್ಲವಾದರೆ ಇಲ್ಲ.

ಎಲ್ಲಕ್ಕಿಂತ ಹೆಚ್ಚು ಪೆಟ್ಟು ಬೀಳುವುದು ದರ ಹೊಂದಿಸುವಾಗ. 10,000 ಬ್ರಾಕೆಟ್‌ಗಳ ಟೆಂಡರ್ ಎನ್ನಿ. ಅತಿ ಕಡಿಮೆ ದರ, ಅಂದರೆ ಎಲ್-1, ದೊಡ್ಡ ಕಂಪನಿಯದು, 100 ರೂಪಾಯಿ. ನಮ್ಮ ಸಣ್ಣ ಘಟಕದ ದರ 112. ಎಲ್-1ಕ್ಕಿಂತ ಶೇ 15ರವರೆಗೆ ಹೆಚ್ಚಿರುವ ದರಗಳಿಗೆ ಆದೇಶ ಬಿಟ್ಟಿರುವ ಪಟ್ಟಿಯೊಳಗೆ ಇದಿದೆ, ಆದ್ದರಿಂದ 100ಕ್ಕೆ ಇಳಿಯಲು ಒಪ್ಪಿದರೆ ಶೇ 25ರಷ್ಟು, ಅಂದರೆ 2,500 ಬ್ರಾಕೆಟ್ ಸಿಗುತ್ತದೆ. ದರ 116 ಇದ್ದಿದ್ದರೆ ಅದೂ ಇಲ್ಲ. ಪಟ್ಟಿಯೊಳಗೆ ಇನ್ನೊಂದು ಸಣ್ಣ ಘಟಕವಿದ್ದರೆ ಆ 2,500ರಲ್ಲೇ ಹಂಚಿಕೆ. ಈಗ ಡೈ (ಬ್ರಾಕೆಟ್‌ಗೆ ಆಕಾರ ಕೊಡುವ ಅಚ್ಚು) ಖರ್ಚು ನೋಡಿ. 1.2 ಲಕ್ಷದ ಡೈ 10,000 ಬ್ರಾಕೆಟ್‌ಗೆ ಹರಡಿದರೆ ತಲಾ 12 ರೂಪಾಯಿ. 112 ಎಂದು ಬರೆಯುವಾಗ ಹಾಕಿದ್ದು ಅದನ್ನೇ. 2,500ಕ್ಕೆ ಹರಡಿದರೆ ತಲಾ 48. ಅಂದರೆ ಬ್ರಾಕೆಟ್‌ಗೆ ನೂರು ರೂಪಾಯಿ ವಸ್ತು, ಕೂಲಿಗೇ ಹೋಗಿ, ಡೈ ಹಣ ಪೂರ್ತಿ ಕೈಯಿಂದ. ಒಂದೆರಡು ದಿನದಲ್ಲಿ ಒಪ್ಪಿಗೆ ಕಳಿಸಿ ಎಂಬ ಸಂದೇಶ ಬಂದಾಗ ಈ ಲೆಕ್ಕ ಶುರು ಮಾಡಿದರೆ ತಡವಾಯಿತು. ಬಿಡ್ ಹಾಕುವ ದಿನವೇ ಎರಡು ಹಾಳೆ ಸಿದ್ಧವಿರಲಿ, ಪೂರ್ತಿ ಪ್ರಮಾಣಕ್ಕೊಂದು, ಕಾಲು ಭಾಗಕ್ಕೊಂದು. ಎರಡನೆಯ ಹಾಳೆ ಗಿಟ್ಟದಿದ್ದರೆ ‘ಒಪ್ಪುವುದಿಲ್ಲ’ ಎಂದು ಬರೆಯಲು ಹಿಂಜರಿಯಬೇಕಿಲ್ಲ. ದರ ಇಳಿಸುವುದು ಘಟಕದ ಇಚ್ಛೆ.

– ಟೆಂಡರ್ ಕಾಗದಪತ್ರ ಸಿದ್ಧಪಡಿಸುವವರು, ತುಮಕೂರು